ತವರಿನ ದಫ್ತರದಲ್ಲಿ ಒಂದು ಹೆಸರು

ಅಬಿಡ್ಸ್ ಕಡೆ ಹೋದಾಗಲೆಲ್ಲ ಗನ್‌ಫೌಂಡ್ರಿಯ ಸೇಂಟ್ ಜೋಸೆಫ್ ಕೆಥೆಡ್ರಲ್‌ನ ಜೋಡಿ ಗೋಪುರಗಳು ಕಣ್ಣಿಗೆ ಬೀಳುತ್ತವೆ. ಕ್ರಿಸ್ಮಸ್ ರಾತ್ರಿ ದೀಪಾಲಂಕಾರ ನೋಡಲು ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋದವರು ನಮ್ಮ ಸಂಘದಲ್ಲೂ ಎಷ್ಟೋ ಮಂದಿ ಇದ್ದಾರೆ. ಆದರೆ ಕ್ರಿಸ್ಮಸ್ ಒಂದು ದಿನದ ಸಡಗರ. ವರ್ಷದ ಉಳಿದ ಐವತ್ತೊಂದು ವಾರ ಆ ಗೋಪುರಗಳ ಕೆಳಗೆ ಏನು ನಡೆಯುತ್ತದೆ, ಅದನ್ನು ನಡೆಸುವವರು ಯಾರು ಎಂಬುದೇ ನನಗೆ ಹೆಚ್ಚು ಕುತೂಹಲದ ವಿಷಯ.

ಕಟ್ಟಡದ ಕಥೆಯನ್ನು ಬೇಗ ಹೇಳಿ ಮುಗಿಸುತ್ತೇನೆ. 1806ರಲ್ಲಿ ಸಿಕಂದರಾಬಾದ್ ದಂಡುಪ್ರದೇಶವಾಗಿ ಬೆಳೆಯತೊಡಗಿದ ಮೇಲೆ ಸಿಪಾಯಿಗಳ ಹಿಂದೆಯೇ ಚರ್ಚುಗಳೂ ಬಂದವು. ಐರ್ಲೆಂಡಿನಿಂದ ಬಂದ ಪಾದ್ರಿ ಡೇನಿಯಲ್ ಮರ್ಫಿ ಕಟ್ಟಿಸಿದ ಸೇಂಟ್ ಮೇರೀಸ್ ಚರ್ಚ್ 1850ರಲ್ಲಿ ಪೂರ್ತಿಯಾಯಿತು. 2008ರಲ್ಲಿ ಅದಕ್ಕೆ ಬೆಸಿಲಿಕಾ ಎಂಬ ಪದವಿ ಸಿಕ್ಕಿತು. ಗನ್‌ಫೌಂಡ್ರಿಯ ಜಾಗವನ್ನು 1869ರಲ್ಲಿ ಇಟಲಿಯ ಪಾದ್ರಿಗಳು ಕೊಂಡರು. ಮರುವರ್ಷ ಅಡಿಗಲ್ಲು ಬಿತ್ತು, 1875ರ ಕ್ರಿಸ್ಮಸ್ ದಿನ ಮೊದಲ ಪೂಜೆ ನಡೆಯಿತು. ಗೋಪುರಗಳು ಎದ್ದು ನಿಂತದ್ದು 1891ರಲ್ಲಿ. 1892ರಲ್ಲಿ ಇಟಲಿಯಿಂದ ಐದು ಗಂಟೆಗಳು ಬಂದವು. ಮೆದಕ್‌ನ ದೊಡ್ಡ ಚರ್ಚಿನ ವಿಚಾರ ಇಲ್ಲಿ ಬೇಡ. ಅಲ್ಲಿಗೆ ಪಿಕ್ನಿಕ್ ಹೋಗಿ ಬಂದವರೆಲ್ಲ ಅದರ ಬಗ್ಗೆ ಬರೆದಿದ್ದಾರೆ.

ಚರಿತ್ರೆ ಪುಸ್ತಕಗಳಲ್ಲಿ ಸಿಗುವುದು ಇಷ್ಟು. ಗಮನಿಸಿ ನೋಡಿ, ಹೆಸರುಗಳೆಲ್ಲ ಪಾದ್ರಿಗಳದ್ದು, ಬಿಷಪ್ಪರದ್ದು. ಆದರೆ ಒಂದು ಭಾನುವಾರ ಬೆಳಿಗ್ಗೆ ಹೋಗಿ ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕುಳಿತರೆ ಬೇರೆಯದೇ ಚಿತ್ರ ಕಾಣುತ್ತದೆ. ಪೀಠದ ಮೇಲಿನ ಹೂವು ಜೋಡಿಸಿದವರು ಹೆಂಗಸರು, ಬಿಳಿ ವಸ್ತ್ರ ಒಗೆದು ಇಸ್ತ್ರಿ ಮಾಡಿದವರು ಹೆಂಗಸರು. ಗಾನವೃಂದದಲ್ಲಿ ಅವರ ದನಿಯೇ ಮುಂದು. ಪೂಜೆ ಮುಗಿದ ಮೇಲೆ ಮಕ್ಕಳಿಗೆ ಧರ್ಮಪಾಠ ಹೇಳಿಕೊಡುವ ಟೀಚರುಗಳಲ್ಲೂ ಅವರೇ ಹೆಚ್ಚು. ನಮ್ಮ ದೇವಸ್ಥಾನದ ಭಜನಾ ಮಂಡಳಿಯ ಕಥೆ ಇದಕ್ಕಿಂತ ಬೇರೆಯೇನಲ್ಲ ಬಿಡಿ.

ಚರ್ಚಿನ ವಾರಕ್ಕೆ ಅದರದೇ ಒಂದು ತಾಳವಿದೆ. ಮಂಗಳವಾರ ಸಂತ ಅಂತೋಣಿಯವರದು. ಕಳೆದುಹೋದದ್ದನ್ನು ಹುಡುಕಿಕೊಡುವ ಸಂತ ಎಂದು ಬೇರೆ ಧರ್ಮದವರೂ ಮೇಣದ ಬತ್ತಿ ಹಿಡಿದು ಬರುತ್ತಾರೆ. ಬುಧವಾರ ಅನೇಕ ಕಡೆ ನಿತ್ಯಸಹಾಯ ಮಾತೆಯ ನೊವೇನಾ. ಶುಕ್ರವಾರ ಉಪವಾಸದ ವಾರ. ಈಸ್ಟರ್‌ಗೆ ಮುಂಚಿನ ನಲವತ್ತು ದಿನಗಳ ತಪಸ್ಸುಕಾಲದಲ್ಲಂತೂ ಶುಕ್ರವಾರ ಸಂಜೆ ಶಿಲುಬೆಯ ಹಾದಿ ತಪ್ಪುವುದಿಲ್ಲ, ಗೋಡೆಯ ಹದಿನಾಲ್ಕು ಚಿತ್ರಗಳ ಮುಂದೆ ನಿಂತು ನಿಂತು ಪ್ರಾರ್ಥಿಸುತ್ತಾರೆ. ಶನಿವಾರ ಸಂಜೆ ಪಾಪನಿವೇದನೆಗೆ ಸಾಲು. ಇದರ ನಡುವೆ ಮರಿಯಳ ಸೇನೆಯ ವಾರದ ಸಭೆ. 1921ರಲ್ಲಿ ಡಬ್ಲಿನ್ ನಗರದಲ್ಲಿ ಹುಟ್ಟಿದ ಈ ಸಂಘಟನೆಯ ಮೊದಲ ಸಭೆಗೆ ಸೇರಿದವರಲ್ಲಿ ಬಹುತೇಕ ಎಲ್ಲರೂ ಹೆಂಗಸರು. ಇಬ್ಬಿಬ್ಬರಾಗಿ ರೋಗಿಗಳ ಮನೆಗೆ, ಒಂಟಿ ಮುದುಕರ ಮನೆಗೆ ಹೋಗಿ ಬರಬೇಕು. ಮುಂದಿನ ವಾರ ಸಭೆಯಲ್ಲಿ ಎಲ್ಲಿಗೆ ಹೋಗಿದ್ದೆವು, ಏನು ಮಾಡಿದೆವು ಎಂದು ವರದಿ ಒಪ್ಪಿಸಬೇಕು. ನಮ್ಮ ಮಹಿಳಾ ವೇದಿಕೆಯಲ್ಲಿ ಇಂಥ ನಿಯಮ ತಂದರೆ ಎಷ್ಟು ಜನ ಉಳಿಯುತ್ತಾರೋ ನೋಡಬೇಕು!

ಇನ್ನು ಭಾಷೆ. ನಗರದ ದೊಡ್ಡ ಚರ್ಚುಗಳಲ್ಲಿ ಒಂದೇ ಭಾನುವಾರ ಇಂಗ್ಲಿಷಿಗೆ ಒಂದು ಹೊತ್ತು, ತೆಲುಗಿಗೆ ಒಂದು ಹೊತ್ತು, ಕೆಲವೆಡೆ ತಮಿಳಿಗೂ ಒಂದು ಹೊತ್ತು. ಇದು ಬಹಳ ಹಳೆಯ ಏರ್ಪಾಡೇನಲ್ಲ. 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಗೆ ಮೊದಲು ಈ ಕೆಥೊಲಿಕ್ ಚರ್ಚುಗಳಲ್ಲಿ ಬಲಿಪೂಜೆ ಲ್ಯಾಟಿನ್‌ನಲ್ಲೇ ನಡೆಯುತ್ತಿತ್ತು. ಪಾದ್ರಿ ಪೀಠದ ಕಡೆ ಮುಖ ಮಾಡಿ ಲ್ಯಾಟಿನ್‌ನಲ್ಲಿ ಹೇಳಿಕೊಳ್ಳುತ್ತಿದ್ದರೆ ಹಿಂದೆ ಕೂತ ಹೆಂಗಸರು ತಮ್ಮ ತಮ್ಮ ಭಾಷೆಯಲ್ಲಿ ಜಪಮಾಲೆ ಎಣಿಸುತ್ತಿದ್ದರು. ಭಾಷೆ ಪೀಠಕ್ಕೆ ಬಂದದ್ದು ಆ ಮಹಾಸಭೆಯ ನಂತರ. ಮನೆಯ ಸಂಜೆಯ ಪ್ರಾರ್ಥನೆಯಲ್ಲಿ ಅದು ಮೊದಲಿನಿಂದಲೂ ಇತ್ತು. ನನಗೆ ಪರಿಚಯದ ಹಿರಿಯರೊಬ್ಬರು ರಾಯಚೂರು ಜಿಲ್ಲೆಯಿಂದ ಮದುವೆಯಾಗಿ ಇಲ್ಲಿಗೆ ಬಂದವರು. ಭಾನುವಾರ ತೆಲುಗು ಪೂಜೆಗೆ ಹೋಗುತ್ತಾರೆ, ತೆಲುಗು ಹಾಡುಗಳೆಲ್ಲ ಬಾಯಿಪಾಠ. ಆದರೆ ಮನೆಯಲ್ಲಿ ಸಂಜೆ ಜಪಮಾಲೆ ಕೈಗೆ ಬಂತೆಂದರೆ ಇಂದಿಗೂ ಕನ್ನಡವೇ. "ದೇವರ ಹತ್ತಿರ ತರ್ಜುಮೆ ಮಾಡಿ ಮಾತಾಡೋಕ್ಕಾಗಲ್ಲಮ್ಮ" ಅಂತಾರೆ.

ಅವರ ಊರಿನ ಕಡೆಯ ಕಥೆ ಇನ್ನೂ ಹಳೆಯದು. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲು ನಮಗೆ ಕೋಟೆಯಿಂದ, ಮೊಹರಂನಿಂದ ಗೊತ್ತು. ಅಲ್ಲಿ ಗೋವೆಯಿಂದ ಬಂದ ಪಾದ್ರಿಗಳಿಂದ ಬೆಳೆದ, ಶತಮಾನಗಳಷ್ಟು ಹಳೆಯ ಕನ್ನಡ ಕೆಥೊಲಿಕ್ ಸಮುದಾಯವಿದೆ. ಬಿಜಾಪುರದ ಆದಿಲ್‌ಶಾಹಿ ಸುಲ್ತಾನರು ಆ ಚರ್ಚಿಗೆ ದತ್ತಿ ಬಿಟ್ಟಿದ್ದರು. ಔರಂಗಜೇಬನ ಕಾಲದಲ್ಲೂ ಅದು ಮುಂದುವರಿಯಿತು ಎಂದು ಹಳೆಯ ಗೆಜೆಟಿಯರ್ ಹೇಳುತ್ತದೆ. ಸುರಪುರದ ಮೆಡೋಸ್ ಟೇಲರ್ ತನ್ನ ಆತ್ಮಕಥೆಯಲ್ಲಿ ಈ ಜನರನ್ನು ನೆನೆಯುತ್ತಾನೆ. ಪ್ರವಚನಗಳು, ಸಂತರ ಚರಿತ್ರೆಗಳು ಕನ್ನಡಕ್ಕೆ ಬಂದು ಅವರ ಬಳಿ ಇದ್ದವು. ಬಳ್ಳಾರಿಯ ಜಾನ್ ಹ್ಯಾಂಡ್ಸ್ ಕನ್ನಡ ಬೈಬಲ್ಲನ್ನು ಪೂರ್ತಿ ಅಚ್ಚು ಹಾಕಿಸಿದ್ದು 1831ರಲ್ಲಿ, ಕಿಟ್ಟೆಲ್ ನಿಘಂಟು ಬಂದದ್ದು 1894ರಲ್ಲಿ. ಕನ್ನಡ ಕ್ರೈಸ್ತರೆಂದರೆ ಮಂಗಳೂರು, ಬಾಸೆಲ್ ಮಿಷನ್ ಎಂದಷ್ಟೇ ಹೇಳುವವರು ಮುದಗಲ್ಲನ್ನು ಮರೆಯುತ್ತಾರೆ. 1956ರ ನವೆಂಬರ್ 1ರವರೆಗೆ ರಾಯಚೂರು, ಗುಲ್ಬರ್ಗ, ಬೀದರ್ ಮೂರೂ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಅಲ್ಲಿಂದ ಇಲ್ಲಿಗೆ ಸೊಸೆಯಾಗಿ ಬರುವುದೆಂದರೆ ರಾಜಧಾನಿಗೆ ಬಂದಂತೆ, ಪರರಾಜ್ಯಕ್ಕಲ್ಲ.

ಈಗ ನಾನು ನಿಜವಾಗಿ ಹೇಳಬೇಕೆಂದಿದ್ದ ವಿಷಯಕ್ಕೆ ಬರುತ್ತೇನೆ. ಪ್ರತಿ ಚರ್ಚಿನ ಕಚೇರಿಯಲ್ಲೂ ದಪ್ಪ ರಟ್ಟಿನ ದಫ್ತರಗಳಿರುತ್ತವೆ. ದೀಕ್ಷಾಸ್ನಾನದ್ದು ಒಂದು, ಮದುವೆಯದು ಒಂದು, ಮರಣದ್ದು ಒಂದು. ಹದಿನಾರನೆಯ ಶತಮಾನದಲ್ಲಿ ಟ್ರೆಂಟ್ ನಗರದಲ್ಲಿ ಸೇರಿದ್ದ ಮಹಾಸಭೆ ಇವುಗಳಲ್ಲಿ ಮೊದಲ ಎರಡನ್ನು ಕಡ್ಡಾಯ ಮಾಡಿತು. ದೀಕ್ಷಾಸ್ನಾನದ ಪುಟದಲ್ಲಿ ಮಗುವಿನ ಹೆಸರು, ಹುಟ್ಟಿದ ದಿನ, ತಂದೆಯ ಹೆಸರು, ಜೊತೆಗೆ ತಾಯಿಯ ಹೆಸರು, ಜ್ಞಾನದ ತಂದೆ ತಾಯಿಯರ ಹೆಸರು, ಕೊನೆಯಲ್ಲಿ ಪಾದ್ರಿಯ ಸಹಿ. ಸರ್ಕಾರಿ ಜನನ ಪತ್ರ ಎಲ್ಲರಿಗೂ ಸಿಗದ ಕಾಲದಲ್ಲಿ ಶಾಲೆಗೆ ಸೇರಿಸಲು ಈ ಪುಟದ ನಕಲೇ ವಯಸ್ಸಿನ ಆಧಾರವಾಗುತ್ತಿತ್ತು.

ಆ ಪುಟದ ಒಂದು ಬದಿಯಲ್ಲಿ ಷರಾ ಬರೆಯಲು ಜಾಗ ಬಿಟ್ಟಿರುತ್ತಾರೆ. ಅದರ ವಿಷಯ ಕೇಳಿ ನನಗೆ ಮೈ ಜುಮ್ಮೆಂದಿತು. ಹುಡುಗಿ ಮುದಗಲ್ಲಿನಲ್ಲಿ ದೀಕ್ಷಾಸ್ನಾನ ಪಡೆದು ಹೈದರಾಬಾದಿನಲ್ಲಿ ಮದುವೆಯಾದಳು ಎನ್ನೋಣ. ಮದುವೆಗೆ ಮೊದಲು ಭಾನುವಾರದ ಪೂಜೆಯಲ್ಲಿ ಪ್ರಕಟಣೆ ಓದುತ್ತಾರೆ. ಯಾರಿಗಾದರೂ ತಕರಾರಿದ್ದರೆ ತಿಳಿಸಲಿ ಎಂದು. ಮದುವೆ ಮುಗಿದ ಮೇಲೆ ಇಲ್ಲಿನ ಪಾದ್ರಿ ಅವಳ ತವರಿನ ಚರ್ಚಿಗೆ ಕಾಗದ ಬರೆಯಬೇಕು. ಅಲ್ಲಿನವರು ಹಳೆಯ ದಫ್ತರ ತೆಗೆದು ಅವಳ ಹೆಸರಿನ ಎದುರು ಯಾವ ದಿನ, ಯಾವ ಚರ್ಚಿನಲ್ಲಿ, ಯಾರೊಡನೆ ಮದುವೆಯಾಯಿತು ಎಂದು ಬರೆದಿಡಬೇಕು. 1907ರಲ್ಲಿ ರೋಮಿನಿಂದ ಹೊರಟ ಆದೇಶದಿಂದ ಇದು ನಿಯಮವೇ ಆಯಿತು. ಉದ್ದೇಶ ಬೇರೆ, ಒಬ್ಬರು ಎರಡು ಕಡೆ ಗುಟ್ಟಾಗಿ ಮದುವೆಯಾಗಬಾರದು ಎಂಬುದು. ಆದರೆ ಫಲ ಏನಾಯಿತು ನೋಡಿ: ಮದುವೆಯಾಗಿ ಹೋದ ಹೆಣ್ಣಿನ ಸಾಲು ತವರಿನ ಪುಸ್ತಕದಲ್ಲಿ ಮುಚ್ಚಿಹೋಗಲಿಲ್ಲ.

ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದ ಬಂದ ವಂಶವೃಕ್ಷವಿದೆ. ಗಂಡುಮಕ್ಕಳ ಕೊಂಬೆಗೆ ಕೊಂಬೆ ಚಿಗುರಿದೆ. ಮದುವೆಯಾಗಿ ಹೋದ ಅತ್ತೆಯಂದಿರ ಹೆಸರು ಒಂದಾದರೂ ಇಲ್ಲ. ಬಂದ ಸೊಸೆಯರ ಹೆಸರೂ ಇಲ್ಲ. ಅಂದರೆ ಹೆಣ್ಣು ಎರಡೂ ಮನೆಯ ಲೆಕ್ಕದಿಂದ ಹೊರಗೆ. ಮುದಗಲ್ಲಿನ ಒಬ್ಬ ಬಡ ಕೂಲಿಯ ಮಗಳ ಹೆಸರು ಮಾತ್ರ ತಾಯಿಯ ಹೆಸರಿನ ಸಮೇತ ಎರಡು ಊರಿನ ಪುಸ್ತಕಗಳಲ್ಲಿ ಕುಳಿತಿರುತ್ತದೆ.

ಹಾಗೆಂದು ಚರ್ಚು ಹೆಂಗಸರ ಪಾಲಿನ ಸ್ವರ್ಗವೇನಲ್ಲ. ಪುಸ್ತಕದಲ್ಲಿ ಹೆಸರು ಬರೆಯುವ ಕೈ ಗಂಡಸಿನದೇ. ಹೆಂಗಸರು ತಲೆ ಮುಚ್ಚಿಕೊಳ್ಳಬೇಕು ಎಂದು 1917ರ ಚರ್ಚ್ ಕಾನೂನು ಹೇಳುತ್ತಿತ್ತು. ಭಾನುವಾರ ವೇದಪಾಠ ಓದುವ ಹೆಂಗಸರನ್ನು ನಾವು ಎಷ್ಟೋ ದಶಕಗಳಿಂದ ಕಂಡಿದ್ದೇವೆ, ಆದರೆ ಆ ವಾಚಕಿ ಸ್ಥಾನವನ್ನು ಕಾಯಂ ಆಗಿ ಅವರಿಗೂ ಕೊಡಬಹುದೆಂದು ಪೋಪ್ ಫ್ರಾನ್ಸಿಸ್ ಕಾನೂನು ತಿದ್ದಿದ್ದು 2021ರಲ್ಲಿ. ಕೆಲಸ ಮೊದಲು ಮಾಡಿಸಿಕೊಳ್ಳುವುದು, ಹುದ್ದೆ ಆಮೇಲೆ ಕೊಡುವುದು. ಇದು ಯಾವ ಮನೆಯಲ್ಲಿ ಇಲ್ಲ ಹೇಳಿ. ಕೆಥೊಲಿಕರಲ್ಲಿ ಇಂದಿಗೂ ಹೆಂಗಸರಿಗೆ ಗುರುದೀಕ್ಷೆ ಇಲ್ಲ. ಸಿಎಸ್ಐ ಸಭೆ ಈ ವಿಷಯದಲ್ಲಿ ಮುಂದೆ ಹೋಗಿದೆ: ನಮ್ಮ ಬಳ್ಳಾರಿಗೆ ಬಹಳ ದೂರವಲ್ಲದ ನಂದ್ಯಾಲದಲ್ಲಿ 2013ರ ಸೆಪ್ಟೆಂಬರಿನಲ್ಲಿ ಎಗ್ಗೋನಿ ಪುಷ್ಪಲಲಿತಾ ಅವರು ಆ ಸಭೆಯ ಮೊದಲ ಮಹಿಳಾ ಬಿಷಪ್ ಆದರು.

ಕನ್ಯಾಸ್ತ್ರೀಯರ ಬಗ್ಗೆ ಒಂದು ಮಾತು ಸೇರಿಸಲೇಬೇಕು. 1871ರಲ್ಲಿ ಇಟಲಿಯ ತೂರಿನ್ ಪಟ್ಟಣದಿಂದ ಸೇಂಟ್ ಆ್ಯನ್ಸ್ ಸಭೆಯ ಸಿಸ್ಟರುಗಳು ಸಿಕಂದರಾಬಾದಿಗೆ ಬಂದು ಹೆಣ್ಣುಮಕ್ಕಳಿಗೆ ಶಾಲೆ ತೆರೆದರು. ಗನ್‌ಫೌಂಡ್ರಿಯ ರೋಸರಿ ಕಾನ್ವೆಂಟ್ 1904ರದು. ನಮ್ಮ ವೇದಿಕೆಯ ಎಷ್ಟು ಮಂದಿ ಈ ಶಾಲೆಗಳ ಬೆಂಚಿನಲ್ಲಿ ಕೂತವರು ಎಂದು ಮುಂದಿನ ಸಭೆಯಲ್ಲಿ ಕೈ ಎತ್ತಿಸಿದರೆ ಗೊತ್ತಾಗುತ್ತದೆ. ಕ್ಯಾಥೊಲಿಕ್ ಪದ್ಧತಿಯಲ್ಲಿ ಕನ್ಯಾಸ್ತ್ರೀಯರು ಕೊಡುವ ಕಾಯಂ ವ್ರತದ ಸುದ್ದಿಯೂ ಅವರ ದೀಕ್ಷಾಸ್ನಾನದ ಪುಟಕ್ಕೇ ಹೋಗಿ ಸೇರುತ್ತದಂತೆ. ಸಮುದ್ರ ದಾಟಿ ಬಂದು ಇಲ್ಲೇ ಮಣ್ಣಾದವಳಿಗೂ ಹುಟ್ಟಿದೂರಿನಲ್ಲಿ ಒಂದು ಪುಟ.

ಆ ಹಿರಿಯರಿಗೆ ಈಗ ಮೊಣಕಾಲು ನೋವು, ಗನ್‌ಫೌಂಡ್ರಿಯ ಮೆಟ್ಟಿಲು ಹತ್ತುವುದು ಕಷ್ಟ. ತಿಂಗಳಿಗೊಮ್ಮೆ ಪರಮಪ್ರಸಾದ ಮನೆಗೇ ಬರುತ್ತದೆ. ಜೊತೆಗೆ ಮರಿಯಳ ಸೇನೆಯ ಇಬ್ಬರು ಹೆಂಗಸರು, ಒಬ್ಬರು ತಮಿಳಿನವರು, ಒಬ್ಬರು ತೆಲುಗಿನವರು. ಕಳೆದ ಸಲ ಮೊಮ್ಮಗಳ ಮದುವೆಗೆ ಅವರ ಹಳೆಯ ಕಾಗದಗಳು ಬೇಕಾದವು. ತವರೂರಿನ ಚರ್ಚಿಗೆ ಬರೆದು ತರಿಸಿದ ಪತ್ರದಲ್ಲಿ ಅವರ ತಾಯಿಯ ಹೆಸರಿತ್ತು, ಷರಾದಲ್ಲಿ ಅವರದೇ ಮದುವೆಯ ತಾರೀಖು, ಅದರ ಮುಂದೆ ಹೈದರಾಬಾದ್ ಎಂದು. ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, ಮಡಚಿ ಪ್ರಾರ್ಥನೆ ಪುಸ್ತಕದೊಳಗೆ ಇಟ್ಟುಕೊಂಡರು. ಮೊಮ್ಮಗಳಿಗೆ ಕೊಟ್ಟದ್ದು ಜೆರಾಕ್ಸ್.