ಕೀಲಿನೊಳಗಿನ ರಬ್ಬರು

ಎರಡು ವಸ್ತುಗಳು ಕೂಡಿಕೊಂಡು ಅಲುಗಾಡಬೇಕಾದ ಜಾಗವೇ ಮೊದಲು ಸವೆಯುವುದು. ಬಾಗಿಲಿನ ತಿರುಗಣಿ, ಕತ್ತರಿಯ ನಡುವಿನ ಮೊಳೆ, ಅರವತ್ತು ದಾಟಿದವರ ಮೊಣಕಾಲು, ಯಾವುದನ್ನು ಬೇಕಾದರೂ ತೆಗೆದುಕೊಳ್ಳಿ. ಇದು ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತಿತ್ತು. ಎತ್ತಿನ ಗಾಡಿಯ ಅಚ್ಚಿಗೂ ಚಕ್ರಕ್ಕೂ ನಡುವೆ ಕೀಲೆಣ್ಣೆ ಹಾಕದೆ ಯಾರೂ ದೂರದ ದಾರಿಗೆ ಹೊರಡುತ್ತಿರಲಿಲ್ಲ. ಹರಳೆಣ್ಣೆಗೆ ಹುಲ್ಲು ಸುಟ್ಟ ಕರಿಯನ್ನು ಕಲಸಿ ಮಾಡಿದ ಆ ಎಣ್ಣೆ ಸೀರೆಯ ಅಂಚಿಗೆ ತಾಗಿತೆಂದರೆ ಯಾವ ಸಾಬೂನಿಗೂ ಬಗ್ಗುವುದಿಲ್ಲವೆಂದು ನಮ್ಮ ಅಜ್ಜಿ ಗೊಣಗುತ್ತಿದ್ದರು. ಎಣ್ಣೆ ಇಲ್ಲದ ಗಾಡಿಯ ಕಿರುಗುಟ್ಟುವಿಕೆ ಮಾತ್ರ ಎರಡು ಗದ್ದೆಯಾಚೆಗೂ ಕೇಳುತ್ತಿತ್ತಂತೆ.

ನಾನೀಗ ಹೇಳಹೊರಟದ್ದು ಕಾರಿನ ಕೀಲಿನ ವಿಷಯ. ಹೆಂಗಸರಿಗೇಕೆ ಈ ಉಸಾಬರಿ ಎಂದು ಪುಟ ಮಗುಚಬೇಡಿ. ಕಾರಿನ ಹಿಂದಿನ ಸೀಟಿನಲ್ಲಿ ಮಗುವನ್ನೋ ಮುದುಕಿಯನ್ನೋ ಮಡಿಲಿಗೊರಗಿಸಿಕೊಂಡು ಕುಳಿತವರು ನಾವೇ ತಾನೆ? ಹೊಂಡದ ಪೆಟ್ಟು ಎಲ್ಲಿಗೆ ತಾಗುತ್ತದೆಂದು ಸ್ಟಿಯರಿಂಗ್ ಹಿಡಿದವರಿಗಿಂತ ನಮಗೇ ಚೆನ್ನಾಗಿ ಗೊತ್ತು.

ಗಾಡಿಗೆ ಸ್ಪ್ರಿಂಗು ಬಂದ ಕಥೆ ಹಳೆಯದು. ಲಂಡನ್ನಿನ ಓಬಡಾಯ ಎಲಿಯಟ್ ಎಂಬವನು 1804ರಲ್ಲಿ ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳ ಮೇಲೆ ಸಾರೋಟು ಕೂರಿಸುವ ವಿಧಾನಕ್ಕೆ ಪೇಟೆಂಟು ಪಡೆದ. ನಮ್ಮ ಲಾರಿಗಳ ಹಿಂದಿನ ಚಕ್ರದ ಬಳಿ ಇಂದಿಗೂ ಒಂದರ ಮೇಲೊಂದು ಪೇರಿಸಿದ ಪಟ್ಟಿಗಳನ್ನು ಕಾಣಬಹುದಲ್ಲ, ಅದೇ ವಂಶದ್ದು. ಆದರೆ ಸ್ಪ್ರಿಂಗಿನ ತುದಿಯನ್ನು ಗಾಡಿಗೆ ಸಿಕ್ಕಿಸಲು ಒಂದು ಮೊಳೆ ಬೇಕು, ಮೊಳೆಗೆ ತೂತು ಬೇಕು, ಅಲ್ಲಿ ಮತ್ತೆ ಲೋಹಕ್ಕೆ ಲೋಹ ಉಜ್ಜಬೇಕು. ಹಳೆಯ ಮೋಟಾರುಗಳಲ್ಲಿ ಆ ಜಾಗಕ್ಕೆ ಹಿತ್ತಾಳೆಯಂಥ ಲೋಹದ ಬಳೆಯನ್ನು ತೊಡಿಸಿ, ಆಗಾಗ ಗ್ರೀಸ್ ತುಂಬುತ್ತಿದ್ದರು. ಈ ಬಳೆಗೇ ಬುಷ್ ಎಂದು ಹೆಸರು. ನಮ್ಮೂರಿನ ಅಂಬಾಸಿಡರ್ ಟ್ಯಾಕ್ಸಿಗಳು ಗ್ರೀಸ್ ಹೊಡೆಸಿಕೊಳ್ಳಲು ಗ್ಯಾರೇಜಿನ ಮುಂದೆ ಸಾಲುಗಟ್ಟಿ ನಿಂತಿರುತ್ತಿದ್ದುದು ನನ್ನ ವಯಸ್ಸಿನವರಿಗೆಲ್ಲ ನೆನಪಿರಬೇಕು. ಗ್ರೀಸಿಗೆ ಧೂಳು ಅಂಟಿದರೆ ಅದೇ ಅರದಂತಾಗಿ ಲೋಹವನ್ನು ತಿನ್ನುತ್ತದೆ. ಚಾಲಕ ಒಂದು ವಾರ ಸೋಮಾರಿಯಾದರೆ ಕೀಲು ಕಟಕಟ ಎನ್ನತೊಡಗುತ್ತದೆ.

ಈ ತಾಪತ್ರಯವನ್ನು ಬಿಡಿಸಿದ್ದು ರಬ್ಬರು. ಅದರ ಚರಿತ್ರೆಯನ್ನು ಓದುತ್ತಾ ಹೋದರೆ ನಗುವೂ ಬರುತ್ತದೆ, ಊಟ ಸೇರದ ಹಾಗೂ ಆಗುತ್ತದೆ.

ಹಸಿ ರಬ್ಬರು ಬಿಸಿಲಿಗೆ ಅಂಟಂಟಾಗಿ ಚಳಿಗೆ ಒಡೆಯುವ ವಸ್ತು. ಅದಕ್ಕೆ ಗಂಧಕ ಬೆರೆಸಿ ಕಾಯಿಸಿದರೆ ಗಟ್ಟಿಯಾಗಿ ನಿಲ್ಲುತ್ತದೆಂದು 1839ರಲ್ಲಿ ಕಂಡುಕೊಂಡವನು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್. ಈ ಹುಚ್ಚಿನಲ್ಲಿ ಅವನು ಸಾಲಗಾರರ ಸೆರೆಮನೆಯನ್ನೂ ಕಂಡ. ಮಕ್ಕಳ ಶಾಲಾ ಪುಸ್ತಕಗಳನ್ನೂ ಮಾರಿದನೆಂದು ಅವನ ಚರಿತ್ರೆ ಬರೆದವರು ಹೇಳುತ್ತಾರೆ. ಅಷ್ಟು ದೊಡ್ಡ ಸಂಶೋಧಕನಾದರೂ ಮೂವತ್ತು ವರ್ಷ ಪಾಠ ಹೇಳಿದ ನನಗೆ ಅದೊಂದನ್ನು ಕ್ಷಮಿಸಲು ಇನ್ನೂ ಆಗಿಲ್ಲ. ಅವನ ಹೆಂಡತಿ ಕ್ಲಾರಿಸ್ಸಾ ಆ ಮನೆಯನ್ನು ಹೇಗೆ ನಡೆಸಿದಳೋ! 1860ರಲ್ಲಿ ಅವನು ಸತ್ತಾಗಲೂ ಸಾಲ ತೀರಿರಲಿಲ್ಲ. ಇಂದು ಟೈರುಗಳ ಮೇಲೆ ಕಾಣುವ ಗುಡ್‌ಇಯರ್ ಕಂಪನಿ ಶುರುವಾದದ್ದು 1898ರಲ್ಲಿ, ಬೇರೆಯವರಿಂದ. ಅವನ ಮನೆಯವರಿಗೆ ಅದರಲ್ಲಿ ಪಾಲಿರಲಿಲ್ಲ, ಹೆಸರು ಮಾತ್ರ ಅವನ ಗೌರವಾರ್ಥ.

ಗುಡ್‌ಇಯರನ ರಬ್ಬರಿನ ತುಂಡುಗಳನ್ನು 1842ರಲ್ಲಿ ಅಮೆರಿಕದಿಂದ ಇಂಗ್ಲೆಂಡಿಗೆ ಒಯ್ದವನು ಸ್ಟೀಫನ್ ಮೌಲ್ಟನ್. ಅಂಥ ತುಂಡುಗಳು ಥಾಮಸ್ ಹ್ಯಾನ್‌ಕಾಕ್ ಎಂಬವನ ಕೈಗೂ ಸಿಕ್ಕವು. ಅವನು ಅದರಲ್ಲಿ ಗಂಧಕವಿರುವುದನ್ನು ಪತ್ತೆ ಹಚ್ಚಿ, ಗುಡ್‌ಇಯರನಿಗಿಂತ ಕೆಲವೇ ವಾರ ಮೊದಲು ಬ್ರಿಟನ್ನಿನ ಪೇಟೆಂಟಿಗೆ ಅರ್ಜಿ ಹಾಕಿಬಿಟ್ಟ. ಮೌಲ್ಟನ್ 1848ರಲ್ಲಿ ಬ್ರಾಡ್‌ಫರ್ಡ್-ಆನ್-ಏವನ್ ಎಂಬ ಸಣ್ಣ ಪಟ್ಟಣದಲ್ಲಿ ರಬ್ಬರು ಕಾರ್ಖಾನೆ ತೆರೆದ. ಈ ಹೆಸರನ್ನು ನೆನಪಿಟ್ಟುಕೊಂಡಿರಿ, ಅವನ ಮರಿಮಗ ಮುಂದೆ ಬರುತ್ತಾನೆ.

ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಮಗನ ಮೂರು ಚಕ್ರದ ಸೈಕಲ್ಲಿಗೆಂದು ಗಾಳಿ ತುಂಬಿದ ಟೈರು ಮಾಡಿ 1888ರಲ್ಲಿ ಪೇಟೆಂಟು ಪಡೆದ ಮೇಲೆ ರಬ್ಬರಿನ ಹಸಿವು ಹುಚ್ಚುಹೊಳೆಯಾಯಿತು. ಆಗ ತೋಟದ ರಬ್ಬರು ಇನ್ನೂ ಕೊಯ್ಲಿಗೆ ಬಂದಿರಲಿಲ್ಲ. ಕಾಡಿನ ಬಳ್ಳಿಗಳಿಂದ ಹಾಲು ಇಳಿಸಬೇಕಿತ್ತು. ಆಫ್ರಿಕದ ಕಾಂಗೋ ನಾಡು 1885ರಿಂದ 1908ರವರೆಗೆ ಬೆಲ್ಜಿಯಂ ದೊರೆ ಎರಡನೆಯ ಲಿಯೋಪೋಲ್ಡನ ಖಾಸಗಿ ಆಸ್ತಿಯಂತಿತ್ತು. ಗೊತ್ತುಪಡಿಸಿದಷ್ಟು ರಬ್ಬರು ತರದ ಹಳ್ಳಿಗಳಲ್ಲಿ ಹೆಂಡಿರನ್ನು ಒತ್ತೆಯಾಳಾಗಿ ಕೂಡಿಹಾಕುತ್ತಿದ್ದರು, ಕೈ ಕಡಿಯುತ್ತಿದ್ದರು. 1904ರಲ್ಲಿ ಆಲಿಸ್ ಸೀಲಿ ಹ್ಯಾರಿಸ್ ಎಂಬ ಮಿಷನರಿ ಹೆಂಗಸು ಒಂದು ಫೋಟೋ ತೆಗೆದಳು. ನ್ಸಾಲಾ ಎಂಬ ತಂದೆ ಜಗಲಿಯ ಅಂಚಿನಲ್ಲಿ ಕುಳಿತು, ತನ್ನ ಐದು ವರ್ಷದ ಮಗಳ ಕಡಿದುಬಿದ್ದ ಪುಟ್ಟ ಕೈಯನ್ನೂ ಪಾದವನ್ನೂ ನೋಡುತ್ತಿದ್ದಾನೆ. ಆ ಚಿತ್ರವನ್ನು ಮೊದಲ ಸಲ ಕಂಡ ದಿನ ನಾನು ತರಗತಿಗೆ ಹೋಗಿ ಮಕ್ಕಳಿಗೆ ಸುಮ್ಮನೆ ಪುಸ್ತಕ ಓದಿಕೊಳ್ಳಿ ಎಂದೆ. ಯುರೋಪು, ಅಮೆರಿಕಗಳಲ್ಲಿ ಅಂಥ ಚಿತ್ರಗಳನ್ನು ಪರದೆಯ ಮೇಲೆ ತೋರಿಸಿ ಜನಾಭಿಪ್ರಾಯ ಎಬ್ಬಿಸಿದ್ದರಿಂದಲೇ 1908ರಲ್ಲಿ ಲಿಯೋಪೋಲ್ಡ್ ಕಾಂಗೋವನ್ನು ಬಿಟ್ಟುಕೊಡಬೇಕಾಯಿತು.

ಇನ್ನು ಕೀಲಿಗೆ ಬರೋಣ. 1920ರ ದಶಕದಲ್ಲಿ ಲಿಯೋನ್ ಥಿರಿ ಎಂಬ ಎಂಜಿನಿಯರ್ ಹೊರಗೊಂದು ಲೋಹದ ಕೊಳವೆ, ಒಳಗೊಂದು ಸಣ್ಣ ಕೊಳವೆ, ನಡುವೆ ಬಿಗಿಯಾಗಿ ಒತ್ತಿ ಕೂರಿಸಿದ ರಬ್ಬರು, ಹೀಗೊಂದು ಬುಷ್ ಮಾಡಿದ. ಅದರ ಹೆಸರು ಸೈಲೆಂಟ್‌ಬ್ಲಾಕ್. ಎಷ್ಟು ಸರಳ ನೋಡಿ. ಒಳಗಿನ ಕೊಳವೆಯನ್ನು ಬೋಲ್ಟು ಹಿಡಿದುಕೊಂಡಿರುತ್ತದೆ, ಹೊರಗಿನದು ಚಕ್ರವನ್ನು ಹೊತ್ತ ತೋಳಿಗೆ ಸಿಕ್ಕಿಕೊಂಡಿರುತ್ತದೆ. ಚಕ್ರ ಮೇಲೆ ಕೆಳಗೆ ಆಡಿದಾಗ ಯಾವುದೂ ಯಾವುದರ ಮೇಲೂ ಜಾರುವುದಿಲ್ಲ. ನಡುವಿನ ರಬ್ಬರು ತಾನೇ ತಿರುಚಿಕೊಂಡು ಮತ್ತೆ ಬಿಚ್ಚಿಕೊಳ್ಳುತ್ತದೆ. ಉಜ್ಜಾಟವೇ ಇಲ್ಲದ ಮೇಲೆ ಗ್ರೀಸು ಬೇಡ, ಸದ್ದೂ ಇಲ್ಲ. ಹಳೆಯ ಸ್ಕೂಟರ್ ರಿಪೇರಿಯವರ ಬಾಯಲ್ಲಿ 'ಸೈಲೆಂಟ್ ಬ್ಲಾಕ್ ಹೋಗಿದೆ' ಎಂಬ ಮಾತನ್ನು ನೀವೂ ಕೇಳಿರಬಹುದು.

ಅಮೆರಿಕದಲ್ಲಿ ವಾಲ್ಟರ್ ಕ್ರೈಸ್ಲರ್ 1931ರ ಪ್ಲಿಮತ್ ಕಾರಿನ ಎಂಜಿನ್ನನ್ನೇ ರಬ್ಬರಿನ ಮೇಲೆ ಕೂರಿಸಿ ನಡುಕವನ್ನು ಅಡಗಿಸಿದ. ಫ್ರಾನ್ಸಿನ ಸಿಟ್ರೊಯೆನ್ ಮರುವರ್ಷವೇ ಅದನ್ನು ಕೊಂಡುಕೊಂಡು, ನೀರಿನ ಮೇಲೆ ತೇಲುವ ಹಂಸವನ್ನು ಅದರ ಗುರುತಾಗಿಸಿಕೊಂಡಿತು. ಹೆನ್ರಿ ಫೋರ್ಡನಿಗೆ ಮಾತ್ರ ಇದು ಹಿಡಿಸಲಿಲ್ಲ. ಅವನ ಬಲಗೈಯಂತಿದ್ದ ಚಾರ್ಲ್ಸ್ ಸೊರೆನ್ಸನ್ 1956ರ ತನ್ನ ಆತ್ಮಕಥನದಲ್ಲಿ, ಫೋರ್ಡ್ ಕಾರಣ ಹೇಳದೆಯೇ ಬೇಡವೆಂದನೆಂದು ಬರೆದಿದ್ದಾನೆ. ಕಾರಣ ಹೇಳದೆ ಬೇಡ ಎನ್ನುವ ಯಜಮಾನರು ಎಲ್ಲ ಮನೆಗಳಲ್ಲೂ ಇರುತ್ತಾರೆ, ಬಿಡಿ.

ಮೌಲ್ಟನ್ನನ ಮರಿಮಗ ಅಲೆಕ್ಸ್ ಮೌಲ್ಟನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. 1959ರಲ್ಲಿ ಬಂದ ಮಿನಿ ಎಂಬ ಪುಟಾಣಿ ಕಾರಿಗೆ ಉಕ್ಕಿನ ಸ್ಪ್ರಿಂಗಿನ ಬದಲು ರಬ್ಬರಿನ ಶಂಕುವನ್ನೇ ಸ್ಪ್ರಿಂಗಾಗಿ ಕೊಟ್ಟ. ಕಾರು ತಿರುವುಗಳಲ್ಲಿ ರಸ್ತೆಗೆ ಅಂಟಿಕೊಂಡಂತೆ ಓಡುತ್ತಿತ್ತು, ರೇಸುಗಳನ್ನೂ ಗೆದ್ದಿತು. ಕುಳಿತವರ ಬೆನ್ನಿಗೆ ಮಾತ್ರ ಅದು ಅಷ್ಟೇನೂ ದಯಾಮಯಿಯಾಗಿರಲಿಲ್ಲ. ಇಲ್ಲೇ ಇರುವುದು ಗಂಟು. ಕೀಲು ಬಿಗಿಯಾಗಿದ್ದರೆ ಚಾಲಕನ ಕೈ ಹೇಳಿದ ಕಡೆಗೆ ಚಕ್ರ ಕೂಡಲೇ ತಿರುಗುತ್ತದೆ. ಮೆತ್ತಗಿದ್ದರೆ ಹೊಂಡದ ಪೆಟ್ಟು ಮೈಗೆ ಬರುವ ಮೊದಲೇ ಕರಗುತ್ತದೆ. ಎರಡೂ ಬೇಕೆಂದರೆ ಏನು ಮಾಡುವುದು? ಎಂಜಿನಿಯರುಗಳು ರಬ್ಬರಿನ ನಡುವೆ ಅಲ್ಲಲ್ಲಿ ಬೇಕೆಂದೇ ಟೊಳ್ಳು ಬಿಟ್ಟರು. ಹಿಂದೆ ಮುಂದೆ ಬೀಳುವ ಪೆಟ್ಟಿಗೆ ಅದು ಬಾಗುತ್ತದೆ, ಅಡ್ಡಕ್ಕೆ ಬರುವ ಒತ್ತಡಕ್ಕೆ ಬಾಗುವುದಿಲ್ಲ. ಹೊರಗಿನಿಂದ ಕಪ್ಪು ಚಕ್ಕುಲಿಯಂತೆ ಕಾಣುವ ತುಂಡಿನಲ್ಲಿ ಇಷ್ಟು ಲೆಕ್ಕಾಚಾರವಿದೆ.

ನಾನು ಇದನ್ನೆಲ್ಲ ತಿಳಿಯಹೊರಟದ್ದು ಅಮ್ಮನ ದೆಸೆಯಿಂದ. ಎಂಬತ್ತನಾಲ್ಕನೆಯ ವಯಸ್ಸಿನಲ್ಲಿ ಬಚ್ಚಲಲ್ಲಿ ಬಿದ್ದು ಸೊಂಟದ ಮೂಳೆ ಮುರಿದು ಆಪರೇಷನ್ ಆಯಿತು. ತಿಂಗಳಿಗೊಮ್ಮೆ ಪುತ್ತೂರಿನಿಂದ ಮಂಗಳೂರಿಗೆ 50 ಕಿಲೋಮೀಟರು ಹೋಗಿ ತೋರಿಸಿ ಬರಬೇಕು. ನಮ್ಮದು 2009ರ ಮಾರುತಿ 800. ಮೊದಲ ಸಲ ಹೋದಾಗ ಅಮ್ಮ ದಾರಿಯುದ್ದಕ್ಕೂ ಒಂದು ಮಾತಾಡಲಿಲ್ಲ, ನನ್ನ ಮಣಿಕಟ್ಟನ್ನು ಹಿಡಿದುಕೊಂಡಿದ್ದರು. ಮನೆಗೆ ಬಂದು ನೋಡಿದರೆ ಅವರ ಬೆರಳುಗಳ ಗುರುತು ನನ್ನ ಕೈಮೇಲೆ ಮೂಡಿತ್ತು. ಇನ್ನು ಮುಂದೆ ಡಾಕ್ಟರೂ ಬೇಡ, ಮಂಗಳೂರೂ ಬೇಡ ಎಂದರು. ಅಮ್ಮ ಒಮ್ಮೆ ಬೇಡವೆಂದರೆ ಬೇಡವೇ. ನಡೆಯುವುದನ್ನು ಪುನಃ ಕಲಿಸಬೇಕಾದ ಕಾಲದಲ್ಲಿ ಹೀಗೆ ಮಲಗಿಬಿಟ್ಟರೆ ಮತ್ತೆ ಏಳುವುದುಂಟೇ ಎಂದು ನಮಗೆಲ್ಲ ಹೆದರಿಕೆಯಾಯಿತು.

ಶಾಕ್ ಅಬ್ಸಾರ್ಬರ್ ಹೋಗಿರಬೇಕೆಂದು ನಮ್ಮವರು ಅಂದಾಜು ಮಾಡಿದ್ದರು. ಗ್ಯಾರೇಜಿನವರು ಕಾರನ್ನು ಜಾಕಿಯ ಮೇಲೇರಿಸಿ, ಮುಂದಿನ ಚಕ್ರದ ತೋಳಿನ ಬುಡಕ್ಕೆ ಕಬ್ಬಿಣದ ಸಲಾಕೆ ಕೊಟ್ಟು ಮೀಟಿದರು. ಟಕ್ ಟಕ್ ಎಂದಿತು. "ಶಾಕ್ ಸರಿ ಉಂಟು ಟೀಚರೇ. ಬುಷ್ ಹೋಗಿದೆ. ಕಬ್ಬಿಣಕ್ಕೆ ಕಬ್ಬಿಣ ಬಡಿತಾ ಉಂಟು" ಎಂದರು. ಬಿಚ್ಚಿದ ಬುಷ್ಷಿನ ರಬ್ಬರು ಬೇಸಿಗೆಯ ಗದ್ದೆಯಂತೆ ಬಿರುಕು ಬಿಟ್ಟಿತ್ತು, ದುಂಡಗಿರಬೇಕಾದ ತೂತು ಮೊಟ್ಟೆಯಾಕಾರಕ್ಕೆ ತಿರುಗಿತ್ತು. ಎಂಜಿನ್ನಿನಿಂದ ಸೋರಿದ ಆಯಿಲ್ ತಾಗಿ ಒಂದು ಬದಿ ಉಬ್ಬಿಯೂ ಇತ್ತು. ರಬ್ಬರಿಗೆ ಎಣ್ಣೆ ವೈರಿ, ಕೀಲೆಣ್ಣೆಯ ಕಾಲದ ಬುದ್ಧಿ ಇಲ್ಲಿ ನಡೆಯುವುದಿಲ್ಲ. ಮುಂದಿನ ಟೈರುಗಳು ಒಂದೇ ಪಕ್ಕ ಸವೆದದ್ದೂ, ಬ್ರೇಕ್ ಹಾಕಿದಾಗ ಕಾರು ಎಡಕ್ಕೆ ಎಳೆಯುತ್ತಿದ್ದುದೂ ಇದೇ ಕಾರಣಕ್ಕೆಂದು ಅವರು ವಿವರಿಸಿದರು.

ಬೆಂಗಳೂರಿನಲ್ಲಿರುವ ನನ್ನ ತಮ್ಮನ ಮಗನಿಗೆ ಸುದ್ದಿ ಗೊತ್ತಾದದ್ದೇ ಫೋನ್ ಬಂತು. "ಅತ್ತೆ, ರಬ್ಬರ್ ಯಾಕೆ? ಪಾಲಿಯುರೆಥೇನ್ ಹಾಕಿಸಿ. ಹ್ಯಾಂಡ್ಲಿಂಗ್ ಎಷ್ಟು ಚೆನ್ನಾಗಿರುತ್ತೆ ಗೊತ್ತಾ?" ಜರ್ಮನಿಯ ಒಟ್ಟೋ ಬೇಯರ್ 1937ರಲ್ಲಿ ಕಂಡುಹಿಡಿದ ವಸ್ತು ಅದು. ಕೆಂಪು, ಹಳದಿ ಬಣ್ಣಗಳಲ್ಲಿ ಬಳೆ ಅಂಗಡಿಯ ಸರಕಿನ ಹಾಗೆ ಚೆಂದವಾಗಿರುತ್ತದೆ. ರಬ್ಬರಿಗಿಂತ ಗಟ್ಟಿ, ಎಣ್ಣೆಗೂ ಜಗ್ಗುವುದಿಲ್ಲ, ಬಾಳಿಕೆಯೂ ಹೆಚ್ಚು. ವೇಗವಾಗಿ ಓಡಿಸುವ ಹುಡುಗರಿಗೆ ಒಳ್ಳೆಯದೇ. ಆದರೆ ಅದು ರಬ್ಬರಿನಂತೆ ತಿರುಚಿಕೊಳ್ಳದೆ ಸಾಮಾನ್ಯವಾಗಿ ಬೋಲ್ಟಿನ ಸುತ್ತ ಜಾರುತ್ತದೆ. ಹಾಗಾಗಿ ಅದಕ್ಕೆಂದೇ ಇರುವ ಗ್ರೀಸ್ ಬೇಕು, ಒಣಗಿದರೆ ಕಿರುಗುಟ್ಟುತ್ತದೆ, ರಸ್ತೆಯ ನಡುಕವನ್ನೂ ಹೆಚ್ಚಾಗಿ ಒಳಗೆ ಬಿಡುತ್ತದೆ. ನಾನು ಗ್ಯಾರೇಜಿನವರನ್ನು ಕೇಳಿದೆ. ಅವರು ಕೈ ಒರೆಸಿಕೊಳ್ಳುತ್ತಾ, "ಕಾರಲ್ಲಿ ಕೂತ್ಕೊಳ್ಳುವವರು ಯಾರು, ಅದನ್ನು ಹೇಳಿ" ಎಂದರು. ರಬ್ಬರೇ ಆಗಲಿ ಎಂದೆ.

ಹೊಸ ಬುಷ್ಷನ್ನು ಒತ್ತಿ ಕೂರಿಸಿದ ಮೇಲೆ ಹುಡುಗನೊಬ್ಬ ಸ್ಪ್ಯಾನರ್ ಹಿಡಿದು ಬೋಲ್ಟ್ ಬಿಗಿಯಲು ಹೊರಟ. ಅವರು ಗದರಿದರು. ಕಾರು ಮೇಲಿರುವಾಗ ಚಕ್ರ ಕೆಳಗೆ ಜೋತುಬಿದ್ದಿರುತ್ತದೆ. ಆ ಸ್ಥಿತಿಯಲ್ಲಿ ಬಿಗಿದರೆ, ಕಾರು ನೆಲಕ್ಕಿಳಿದ ಕೂಡಲೇ ರಬ್ಬರು ತಿರುಚಿಕೊಂಡು ನಿಲ್ಲುತ್ತದೆ, ಹೊಂಡಕ್ಕೆ ಮೊದಲೇ ಅರ್ಧ ಸುಸ್ತಾಗಿ ಬೇಗ ಹರಿಯುತ್ತದೆ. ಚಕ್ರ ನೆಲಕ್ಕೂರಿ ಕಾರಿನ ಭಾರ ಬಿದ್ದ ಮೇಲೆಯೇ ಕೊನೆಯ ಬಿಗಿತ. ನೀವು ಬುಷ್ ಬದಲಿಸಲು ಹೋದರೆ ಇದೊಂದನ್ನು ನಿಂತು ನೋಡಿ. ಬುಷ್ಷಿನ ಬೆಲೆಗಿಂತ ಕೂಲಿಯೇ ಹೆಚ್ಚಾಯಿತು, ಅದು ನ್ಯಾಯವೇ. ಮರುದಿನ ಚಕ್ರಗಳ ಅಲೈನ್‌ಮೆಂಟನ್ನೂ ಮಾಡಿಸಿದೆವು.

ಮುಂದಿನ ತಿಂಗಳು ಅಮ್ಮನನ್ನು ಹೇಗೋ ಒಪ್ಪಿಸಿ ಹೊರಡಿಸಿದೆವು. ರಸ್ತೆ ಅದೇ, ಹೊಂಡಗಳೂ ಅವೇ. ಬಂಟ್ವಾಳ ಬಂತೆಂದಾಗ ಅಮ್ಮ, "ಮಾಣಿ ದಾಟಿದ್ದೇ ಗೊತ್ತಾಗಲಿಲ್ಲ ಮಾರಾಯ್ತಿ" ಎಂದರು. ನೋವು ಪೂರ್ತಿ ಹೋಗಿತ್ತೆಂದು ನಾನು ಹೇಳಲಾರೆ, ಕೈಯನ್ನಂತೂ ಹಿಡಿದೇ ಇದ್ದರು. ಈಗ ವಾಕರ್ ಹಿಡಿದು ಜಗಲಿಯವರೆಗೆ ನಡೆಯುತ್ತಾರೆ.

ಕೃತಕ ರಬ್ಬರು ಎಷ್ಟು ಬಗೆಯದು ಬಂದರೂ ಇಂಥ ಬುಷ್ಷುಗಳಿಗೆ ಮರದ ರಬ್ಬರಿಗೇ ಇವತ್ತಿಗೂ ಬೇಡಿಕೆ. ಲಕ್ಷಗಟ್ಟಲೆ ಸಲ ತಿರುಚಿದರೂ ಹರಿಯದ ಗುಣ ಅದರದು. ಹೆನ್ರಿ ವಿಕ್‌ಹ್ಯಾಮ್ 1876ರಲ್ಲಿ ಬ್ರೆಜಿಲಿನಿಂದ ಲಂಡನ್ನಿಗೆ ಸಾಗಿಸಿದ 70,000 ಬೀಜಗಳಲ್ಲಿ ಮೊಳೆತವು ಮೂರು ಸಾವಿರಕ್ಕೂ ಕಡಿಮೆ. ಅವುಗಳಲ್ಲಿ ಹೆಚ್ಚಿನ ಸಸಿಗಳು ಹೋದದ್ದು ಸಿಲೋನಿಗೆ, ಇಂದಿನ ಶ್ರೀಲಂಕಾಕ್ಕೆ. ಅಲ್ಲಿನ ಚಹಾ, ರಬ್ಬರು ತೋಟಗಳಲ್ಲಿ ತಲೆಮಾರುಗಳ ಕಾಲ ದುಡಿದ ತಮಿಳರಿಗೆ ಸ್ವಾತಂತ್ರ್ಯದ ನಂತರ ಯಾವ ದೇಶವೂ ತನ್ನವರೆನ್ನಲಿಲ್ಲ. 1964ರಲ್ಲಿ ಸಿರಿಮಾವೋ ಬಂಡಾರನಾಯಕೆಯವರೂ ಲಾಲ್ ಬಹಾದೂರ್ ಶಾಸ್ತ್ರಿಯವರೂ ಸಹಿ ಹಾಕಿದ ಒಪ್ಪಂದದಂತೆ 5,25,000 ಜನ ಭಾರತಕ್ಕೆ ಬರಬೇಕೆಂದಾಯಿತು. ಹಾಗೆ ಬಂದ ಕೆಲವು ಕುಟುಂಬಗಳಿಗಾಗಿ ನಮ್ಮ ಸುಳ್ಯ, ಪುತ್ತೂರು ಕಡೆಯ ಗುಡ್ಡಗಳಲ್ಲಿ ಸರ್ಕಾರದ ಅರಣ್ಯ ಅಭಿವೃದ್ಧಿ ನಿಗಮ ರಬ್ಬರು ನೆಟ್ಟಿತು.

ಅವರ ಮೊಮ್ಮಕ್ಕಳು ನನ್ನ ತರಗತಿಯಲ್ಲಿ ಕುಳಿತಿದ್ದಾರೆ, ಕನ್ನಡದಲ್ಲಿ ನನಗಿಂತ ದುಂಡಗೆ ಬರೆಯುತ್ತಾರೆ. ಹತ್ತನೆಯ ತರಗತಿಯ ಹುಡುಗಿಯೊಬ್ಬಳಿಗೆ ಸ್ಕಾಲರ್‌ಶಿಪ್ಪಿಗೆ ಜಾತಿ ಪ್ರಮಾಣಪತ್ರ ಬೇಕಿತ್ತು. ಅಜ್ಜ ಲಂಕೆಯಿಂದ ಬಂದವರೆಂಬ ಕಾರಣಕ್ಕೆ ಕಚೇರಿಯಿಂದ ಕಚೇರಿಗೆ ಅಲೆಸಿದರು. ಎರಡು ಸಲ ನಾನೂ ಜೊತೆಗೆ ಹೋದೆ. ಅವಳ ತಾಯಿ ಟ್ಯಾಪಿಂಗ್ ಕೆಲಸದವಳು. ತಂಪು ಹೊತ್ತಿನಲ್ಲಿ ಹಾಲು ಚೆನ್ನಾಗಿ ಇಳಿಯುತ್ತದೆಂದು ಬೆಳಕು ಹರಿಯುವ ಮೊದಲೇ ತಲೆಗೆ ಟಾರ್ಚು ಕಟ್ಟಿಕೊಂಡು ತೋಟಕ್ಕೆ ಹೋಗುತ್ತಾಳೆ. ತೊಗಟೆಯನ್ನು ತೆಳ್ಳಗೆ ಓರೆಯಾಗಿ ಕೆತ್ತಬೇಕು, ಕತ್ತಿ ಕೂದಲೆಳೆಯಷ್ಟು ಆಳಕ್ಕಿಳಿದರೂ ಮರಕ್ಕೆ ಗಾಯವಾಗುತ್ತದೆ. ಕಚೇರಿಯ ಬೆಂಚಿನಲ್ಲಿ ನನ್ನ ಪಕ್ಕ ಕುಳಿತಾಗ ಅವಳ ಕೈಯಿಂದ ರಬ್ಬರು ಹಾಲಿನ ಹುಳಿ ವಾಸನೆ ಬರುತ್ತಿತ್ತು. ಅವಳು ನಾಚಿಕೆಯಿಂದ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ಪ್ರಮಾಣಪತ್ರ ಇನ್ನೂ ಬಂದಿಲ್ಲ. ಬರುವ ಸೋಮವಾರ ಮತ್ತೆ ಬರಲು ಹೇಳಿದ್ದಾರೆ, ನಾನು ಅರ್ಧ ದಿನ ರಜೆ ಬರೆದಿಟ್ಟಿದ್ದೇನೆ.