ದುಡ್ಡಾದ್ರೆ ವರಾಹ, ಬೈಗುಳಾದ್ರೆ ಹಂದಿ

ಒಂದು ಸಣ್ಣ ಪರೀಕ್ಷೆ ಮಾಡೋಣ. ಬೆಂಗಳೂರಿನಿಂದ ಕುಣಿಗಲ್ ದಾಟಿ, ಚನ್ನರಾಯಪಟ್ಟಣದ ಮೇಲೆ ಹಾಸನಕ್ಕೆ ಹೊರಡಿ. ದಾರಿಯಲ್ಲಿ ಒಂದು ಹೋಟೆಲಿಗೆ ನುಗ್ಗಿ ಮೆನು ಕಾರ್ಡ್ ತೆಗೀರಿ. 'ಪೋರ್ಕ್ ಫ್ರೈ' ಅಂತಿದ್ರೆ ಗತ್ತಿನಿಂದ ಆರ್ಡರ್ ಮಾಡ್ತೀವಿ. ಅದೇ ಕಾರ್ಡಿನಲ್ಲಿ 'ಹಂದಿ ಹುರಿದದ್ದು' ಅಂತ ಬರೆದಿದ್ರೆ? ಪಕ್ಕದ ಟೇಬಲಿನವರಿಗೆ ಕೇಳಿಸಿತಾ ಅಂತ ಒಮ್ಮೆ ತಿರುಗಿ ನೋಡ್ತೀವಿ. ಮಾಂಸ ಅದೇ, ಬಾಣಲೆ ಅದೇ, ಬಿಲ್ಲೂ ಅದೇ. ಬದಲಾಗಿದ್ದು ಹೆಸರು ಮಾತ್ರ.

ಈ ಮಾತನ್ನು ಟಿವಿಯಲ್ಲಿ ಹೇಳ್ತೀನಿ ಅಂದಾಗ ನಮ್ಮ ಡೆಸ್ಕಿನ ಗೆಳೆಯನೊಬ್ಬ, "ಸ್ಕ್ರೀನ್ ಮೇಲೆ ಹಂದಿ ಅಂತ ಬೇಡ ಗುರು, ಪೋರ್ಕ್ ಅಂತ ಹಾಕೋಣ" ಅಂದ. ಅವತ್ತೇ ನಿರ್ಧಾರ ಮಾಡಿದೆ, ಹಂದಿ ಅಂತಲೇ ಹಾಕಬೇಕು ಅಂತ. ತಿನ್ನದವರು ಬೇಸರ ಮಾಡ್ಕೋಬೇಡಿ. ಚನ್ನರಾಯಪಟ್ಟಣ ತಾಲ್ಲೂಕಿನಲ್ಲೇ ಶ್ರವಣಬೆಳಗೊಳ ಇದೆ. ಸಾವಿರ ವರ್ಷದಿಂದ ಅಹಿಂಸೆಯನ್ನೇ ಸಾರುತ್ತಾ ನಿಂತಿರುವ ಬಾಹುಬಲಿಗೆ ಕೈಮುಗಿದೇ ಮುಂದಕ್ಕೆ ಹೋಗ್ತೀನಿ.

ಮೊದಲು ಮರ್ಯಾದೆಯ ಕಥೆ. ಬಾದಾಮಿ ಚಾಲುಕ್ಯರ ಲಾಂಛನ ಯಾವುದು? ವರಾಹ. ವಿಜಯನಗರದ ಅರಸರದ್ದು? ಅದೂ ವರಾಹವೇ. ಚಿನ್ನದ ನಾಣ್ಯಕ್ಕೆ ನಮ್ಮವರು ಇಟ್ಟ ಹೆಸರು? ಮತ್ತೆ ವರಾಹ. ಹೊಳೆನರಸೀಪುರದ ಪಕ್ಕದಲ್ಲಿ ಹರಿಯುವ ಹೇಮಾವತಿಯ ಜೊತೆಗೇ ಕೆಳಗಿಳಿದು ಕೆ.ಆರ್. ಪೇಟೆ ತಾಲ್ಲೂಕಿಗೆ ಬನ್ನಿ. ಅಲ್ಲಿ ಕಲ್ಲಹಳ್ಳಿಯಲ್ಲಿ ಭೂದೇವಿಯನ್ನು ತೊಡೆಯ ಮೇಲೆ ಕೂರಿಸಿಕೊಂಡ ಭೂವರಾಹಸ್ವಾಮಿ, ಆಳೆತ್ತರವನ್ನು ಎಷ್ಟೋ ಮೀರಿದ ಏಕಶಿಲೆ. ಸೈಟು ಆಗಲಿ, ಮನೆ ಕಟ್ಟೋ ಹಾಗಾಗಲಿ, ಜಮೀನಿನ ವ್ಯಾಜ್ಯ ಮುಗಿಯಲಿ ಅಂತ ಅಲ್ಲಿಗೆ ಹರಕೆ ಹೊತ್ತು ಹೋಗುವವರು ಸಾವಿರಾರು ಜನ. ಭೂಮಿಯನ್ನು ನೀರಿನಿಂದ ಎತ್ತಿ ತಂದವನಿಗಿಂತ ದೊಡ್ಡ ರೆವಿನ್ಯೂ ಅಧಿಕಾರಿ ಯಾರಿದ್ದಾರೆ ಹೇಳಿ!

ಸರಿ, ಅದು ದೇವರ ಮಾತಾಯ್ತು. ಅಡುಗೆಮನೆ ಕಡೆ ಬರೋಣ. ಬೇಲೂರಿನ ಚೆನ್ನಕೇಶವ ದೇವಾಲಯ ಪ್ರತಿಷ್ಠೆಯಾಗಿದ್ದು 1117ರಲ್ಲಿ, ಹೊಯ್ಸಳ ವಿಷ್ಣುವರ್ಧನನ ಕಾಲದಲ್ಲಿ. ಅವನ ಸಮಕಾಲೀನ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೇ ಸೋಮೇಶ್ವರ. ಈ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ 'ಮಾನಸೋಲ್ಲಾಸ' ಅಂತ ಒಂದು ದೊಡ್ಡ ಗ್ರಂಥ ಬರೆದ. ಅದರಲ್ಲಿ ರಾಜ್ಯಭಾರ, ಆನೆ, ಸಂಗೀತ ಎಲ್ಲಾ ಇದೆ. ಜೊತೆಗೆ ಅನ್ನಭೋಗ ಅನ್ನೋ ಭಾಗದಲ್ಲಿ ಹಂದಿ ಮಾಂಸದ ಅಡುಗೆಯೂ ಇದೆ! ಹಂದಿಯ ಮೇಲೆ ಬಟ್ಟೆ ಹೊದಿಸಿ ಬಿಸಿನೀರು ಸುರಿದು ಕೂದಲು ಹೇಗೆ ತೆಗೀಬೇಕು, ಇಲ್ಲವೇ ಹುಲ್ಲಿನ ಬೆಂಕಿಯಲ್ಲಿ ಹೇಗೆ ಸುಡಬೇಕು, ಆಮೇಲೆ ಕತ್ತರಿಸಿ ಕೆಂಡದ ಮೇಲೆ ಹೇಗೆ ಹದ ಮಾಡಬೇಕು, ಎಲ್ಲವನ್ನೂ ಚಕ್ರವರ್ತಿಯೇ ಕೂತು ಬರೆದಿದ್ದಾನೆ. ಆ ತಿನಿಸಿನ ಹೆಸರು 'ಶುಂಠಕ'. ಸ್ವಲ್ಪ ಯೋಚಿಸಿ: ವಂಶದ ಲಾಂಛನ ವರಾಹ, ತಟ್ಟೆಯಲ್ಲಿ ಶುಂಠಕ. ಪೂಜೆಗೂ ಊಟಕ್ಕೂ ಆಗಿನವರಿಗೆ ಜಗಳವೇ ಇರಲಿಲ್ಲ.

ಬೇಟೆಯ ಕಥೆಗೆ ಇನ್ನೂ ಹಿಂದಕ್ಕೆ ಹೋಗಬೇಕು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ ಶಾಸನವೊಂದು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಲ ಕ್ರಿ.ಶ. 949-50. ತಕ್ಕೋಲದ ಯುದ್ಧದಲ್ಲಿ ಶೌರ್ಯ ತೋರಿದ ಮಣಲೇರ ಅನ್ನೋ ವೀರನಿಗೆ ಗಂಗರ ಬೂತುಗ, "ಏನು ಬೇಕೋ ಕೇಳು" ಅಂದ. ಊರು ಕೇಳಲಿಲ್ಲ, ಚಿನ್ನ ಕೇಳಲಿಲ್ಲ. 'ಕಾಳಿ' ಅನ್ನೋ ಬೇಟೆನಾಯಿಯನ್ನು ಕೇಳಿದ. ಆ ಕಾಳಿ ಒಂದು ದೊಡ್ಡ ಹಂದಿಯ ಜೊತೆ ಕಾದಾಡಿತು. ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನೆಟ್ಟು, ಭೂಮಿ ದಾನ ಬಿಟ್ಟು, ಪೂಜೆಯ ವ್ಯವಸ್ಥೆಯನ್ನೂ ಮಾಡಿದರು. ಕಲ್ಲಿನ ಮೇಲೆ ಇಬ್ಬರ ಕಾಳಗವೂ ಕೆತ್ತಿದೆ. ಆದರೆ ಒಂದು ಗಮನಿಸಿ. ಗೆದ್ದವರಾರೂ ಇಲ್ಲದ ಆ ಜಗಳದಲ್ಲಿ ನಾಯಿಗೆ ಹೆಸರಿದೆ, ಹಂದಿಗಿಲ್ಲ. ಸಮಬಲದಲ್ಲಿ ಹೋರಾಡಿ ಸತ್ತರೂ ಅದು ಬರೀ 'ಹಂದಿ'!

ಇನ್ನು ಮಾರುಕಟ್ಟೆ. 1520ರ ಸುಮಾರಿಗೆ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಕೃಷ್ಣದೇವರಾಯನ ವಿಜಯನಗರದಲ್ಲಿ ಸುತ್ತಾಡಿದ. ಅಲ್ಲಿನ ಕೆಲವು ಬೀದಿಗಳಲ್ಲಿ ಹಂದಿ ಮಾರುತ್ತಿದ್ದರು, ಅಷ್ಟು ಬೆಳ್ಳಗಿನ, ಅಷ್ಟು ಶುಚಿಯಾದ ಹಂದಿ ಬೇರೆ ಯಾವ ದೇಶದಲ್ಲೂ ಕಾಣಸಿಗದು ಅಂತ ಬರೆದಿಟ್ಟ. ಬೆಲೆ ನಾಲ್ಕೈದು ಹಣ. ಹಣ ಅಂದ್ರೆ ಪುಟ್ಟ ನಾಣ್ಯ, ಹತ್ತಾದರೂ ಸೇರಿದರೇ ಒಂದು ವರಾಹ. ಅಂದ್ರೆ ಒಂದು ವರಾಹ ಬಿಸಾಕಿದ್ರೆ ಕನಿಷ್ಠ ಎರಡು ವರಾಹ ಮನೆಗೆ ಬರ್ತಿದ್ದವು. ಇಂಥ ಲಾಭ ಇವತ್ತು ಯಾವ ಷೇರು ಮಾರುಕಟ್ಟೆಯಲ್ಲಿದೆ?

ನಾನು ಓದಿದ್ದು ಎಂಜಿನಿಯರಿಂಗ್, ಹಾಗಾಗಿ ಯಂತ್ರದ ಕಣ್ಣಲ್ಲೂ ಒಮ್ಮೆ ನೋಡ್ತೀನಿ. ಹಂದಿ ಕೊಳಕು ಅಂತೀವಲ್ಲ, ಅದು ಕೆಸರಿನಲ್ಲಿ ಹೊರಳೋದು ಯಾಕೆ ಗೊತ್ತಾ? ಮೈ ತಣಿಸುವಷ್ಟು ಬೆವರು ಅದಕ್ಕೆ ಬರಲ್ಲ. ಕೆಸರೇ ಅದರ ಕೂಲರ್. ನೆರಳು, ನೀರು, ಜಾಗ ಕೊಟ್ಟು ನೋಡಿ, ಮಲಗುವ ಮೂಲೆ ಬೇರೆ, ಗಲೀಜು ಮಾಡುವ ಮೂಲೆ ಬೇರೆ ಇಟ್ಟುಕೊಳ್ಳುತ್ತೆ. ನಮ್ಮ ಹಾಸ್ಟೆಲ್ ರೂಮಿನಲ್ಲಿ ಇಷ್ಟು ಶಿಸ್ತು ಇರಲಿಲ್ಲ. ಗರ್ಭದ ಲೆಕ್ಕ ಮೂರು ತಿಂಗಳು, ಮೂರು ವಾರ, ಮೂರು ದಿನ. ಒಟ್ಟು 114 ದಿನದ ಆಸುಪಾಸು. ವರ್ಷಕ್ಕೆ ಎರಡು ಸೂಲು, ಸೂಲಿಗೆ ಎಂಟರಿಂದ ಹನ್ನೆರಡು ಮರಿ. ಯಾರ್ಕ್‌ಷೈರ್ ತಳಿಯಾದ್ರೆ ಏಳೆಂಟು ತಿಂಗಳಿಗೆ 80-90 ಕಿಲೋ ತೂಗುತ್ತೆ. ಆಲೂಗಡ್ಡೆ, ಮುಸುಕಿನ ಜೋಳ ಬೆಳೆಯುವ ಹಾಸನದ ಸೀಮೆಗೆ ಇದು ಹೇಳಿ ಮಾಡಿಸಿದ ಕಸುಬು. ಅಷ್ಟೇ ಅಲ್ಲ, ಪ್ರಯೋಗಾಲಯದ ಇನ್ಸುಲಿನ್ ಬರುವ ತನಕ ಸಕ್ಕರೆ ಕಾಯಿಲೆಯವರ ಜೀವ ಉಳಿಸಿದ್ದು ಹಂದಿ ಮತ್ತು ದನಗಳ ಇನ್ಸುಲಿನ್.

ರುಚಿಯ ಮಾತು ಬಿಟ್ಟರೆ ಅರಕಲಗೂಡಿನವರು ನನ್ನನ್ನು ಸುಮ್ಮನೆ ಬಿಡಲ್ಲ. ಅವರ ತಾಲ್ಲೂಕಿನ ಗಡಿ ದಾಟಿದರೆ ಕೊಡಗು. ಅಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ಪಂದಿ ಕರಿ ಆಗಲೇಬೇಕು, ಅದಕ್ಕೆ ಕಪ್ಪಗಿನ ಕಾಚಂಪುಳಿ ಬೀಳಲೇಬೇಕು, ಪಕ್ಕದಲ್ಲಿ ಕಡಂಬುಟ್ಟು ಇರಲೇಬೇಕು. ಸಕಲೇಶಪುರದ ಮಳೆಯಲ್ಲಿ ಅಕ್ಕಿ ರೊಟ್ಟಿ ಜೊತೆ, ಬಯಲುಸೀಮೆಯಲ್ಲಿ ರಾಗಿ ಮುದ್ದೆ ಜೊತೆ. ಕಾಡುಹಂದಿಯ ಆಸೆ ಮಾತ್ರ ಬೇಡ. ಬೆಳೆ ತಿಂದರೂ ಅದಕ್ಕೆ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ.

ಇಷ್ಟು ಹೊತ್ತು ನಗ್ತಾ ಬಂದ್ವಿ. ಈಗ ಒಂದು ನಿಮಿಷ ನಿಲ್ಲೋಣ. ಈ ಪ್ರಾಣಿಯನ್ನು ತಲೆಮಾರುಗಳಿಂದ ಸಾಕಿದವರು ಯಾರು? ಕೊರಮರು, ಕೊರಚರು, ಹಂದಿಜೋಗಿಗಳು. ಕೊನೆಯ ಸಮುದಾಯದ ಹೆಸರಿನಲ್ಲೇ ಹಂದಿ ಕೂತಿದೆ. ಸರ್ಕಾರದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲೂ ಅದೇ ಹೆಸರು. ನಾವು ಜಗಳದಲ್ಲಿ ಬೈಗುಳವಾಗಿ ಎಸೆಯುವ ಶಬ್ದವನ್ನು ಒಂದು ಮಗು ಜಾತಿ ಪ್ರಮಾಣಪತ್ರದಲ್ಲಿ ಹೊತ್ತುಕೊಂಡು ಶಾಲೆಗೆ ಹೋಗುತ್ತೆ. ವರಾಹಕ್ಕೆ ಗರ್ಭಗುಡಿ ಕೊಟ್ಟ ಊರು, ಹಂದಿ ಸಾಕುವವನ ಗುಡಿಸಲಿಗೆ ಜಾಗ ತೋರಿಸಿದ್ದು ಊರಾಚೆ. ಸಾಕಲು ಜಾಗವೇ ಇಲ್ಲದಿದ್ದಾಗ ಹಂದಿ ಚರಂಡಿಗಿಳಿಯಿತು. ಚರಂಡಿಯ ಹಂದಿಯಿಂದ ರೋಗದ ಭಯ ನಿಜ, ಪುರಸಭೆ ಹಿಡಿಸೋದೂ ಸರಿಯೇ. ಆದರೆ ಚರಂಡಿ ತೋಡಿದ್ದು ಹಂದಿಯಲ್ಲ, ನಾವು.

ಈಗ ಕಾಲ ಬದಲಾಗಿದೆ ಅಂತಾರೆ. 2021ರಲ್ಲಿ ಪರಿಷ್ಕರಿಸಿದ ರಾಷ್ಟ್ರೀಯ ಜಾನುವಾರು ಮಿಷನ್ನಿನಲ್ಲಿ ಹಂದಿ ತಳಿ ಫಾರಂಗೆ ಶೇ. 50ರಷ್ಟು, ಗರಿಷ್ಠ 30 ಲಕ್ಷ ರೂಪಾಯಿ ಸಹಾಯಧನ ಇದೆ. ಒಳ್ಳೆಯದೇ. ಟೈಲ್ಸ್ ಹಾಕಿದ ಶೆಡ್ಡಿನಲ್ಲಿ ಹಂದಿ ಸಾಕಿದ ಪದವೀಧರನನ್ನು ನಾವು ಚಾನೆಲ್‌ನವರು 'ಮಾದರಿ ರೈತ' ಅಂತ ತೋರಿಸ್ತೀವಿ, ಅದೂ ಒಳ್ಳೆಯದೇ. ಆದರೆ ಉಳಿದರ್ಧ ಬಂಡವಾಳಕ್ಕೆ ಬ್ಯಾಂಕು ಬೇಕು, ಶೆಡ್ಡಿಗೆ ಜಮೀನು ಬೇಕು. ಹಂದಿಯ ನಾಡಿಮಿಡಿತ ಗೊತ್ತಿರುವವನ ಹತ್ತಿರ ಇವೆರಡೂ ಇಲ್ಲ. ಹೆಸರು 'ಪಿಗ್ಗರಿ' ಅಂತಾದ ಕೂಡಲೇ ಕಸುಬು ಕೈ ಬದಲಾಯಿಸಿಬಿಟ್ಟರೆ, ಮೆನು ಕಾರ್ಡಿನ ಆಟವನ್ನೇ ಮತ್ತೆ ಆಡಿದ ಹಾಗಾಯ್ತು.

ಹಾಗಾಗಿ ಮುಂದಿನ ಸಲ ಹಾಸನದ ದಾರಿಯಲ್ಲಿ ಹಸಿವಾದಾಗ, ತಿನ್ನುವವರಾದರೆ, ಸ್ವಲ್ಪ ಜೋರಾಗಿಯೇ ಕೇಳಿ: "ಅಣ್ಣಾ, ಹಂದಿ ಇದೆಯಾ?" ಪಕ್ಕದ ಟೇಬಲಿನವರು ತಿರುಗಿ ನೋಡಿದ್ರೆ ನೋಡಲಿ ಬಿಡಿ. ತಿನ್ನದವರಾದರೆ ಇನ್ನೂ ಸುಲಭ: ಸಿಟ್ಟು ಬಂದಾಗ ಬೈಯೋಕೆ ಬೇರೆ ಶಬ್ದ ಹುಡುಕಿಕೊಳ್ಳಿ. ಸಾವಿರ ವರ್ಷದ ಹಿಂದೆ ಕಾಳಿಯ ಎದುರು ನಿಂತ ಆ ಹೆಸರಿಲ್ಲದ ಪ್ರಾಣಿಗೆ ನಾವು ಅಷ್ಟಾದರೂ ಬಾಕಿ ಇದ್ದೀವಿ.