ಗೋದಾಮು ನೌಕರಿ: ದುಡಿಮೆ ಒಬ್ಬರಲ್ಲಿ, ಸಂಬಳ ಇನ್ನೊಬ್ಬರಿಂದ

ಸರಕು ಸಾಗಣೆ ಕಂಪನಿಗಳ ಬೃಹತ್ ಗೋದಾಮುಗಳು ಬೆಂಗಳೂರಿನ ಹೊರವಲಯದ ನೆಲಮಂಗಲ, ಹೊಸಕೋಟೆ ಭಾಗಗಳಲ್ಲಿ ಸಾಲುಗಟ್ಟಿ ನಿಂತಿವೆ. 2017ರ ಜುಲೈ 1ರಂದು ಜಾರಿಗೆ ಬಂದ ಸರಕು ಮತ್ತು ಸೇವಾ ತೆರಿಗೆ ಇದಕ್ಕೆ ಒಂದು ಕಾರಣ. ಅದಕ್ಕೆ ಮೊದಲು ಕೇಂದ್ರೀಯ ಮಾರಾಟ ತೆರಿಗೆಯನ್ನು ತಪ್ಪಿಸಲು ಕಂಪನಿಗಳು ರಾಜ್ಯಕ್ಕೊಂದು ಸಣ್ಣ ಗೋದಾಮು ಇಟ್ಟುಕೊಳ್ಳುತ್ತಿದ್ದವು. ಬಹುತೇಕ ಸರಕುಗಳಿಗೆ ಆ ತೆರಿಗೆ ರದ್ದಾದ ಬಳಿಕ ದೊಡ್ಡ ಗೋದಾಮುಗಳೇ ಲಾಭದಾಯಕವೆನಿಸಿದವು.

ಕೆಲಸದ ಸ್ವರೂಪ

ಲಾರಿಯಿಂದ ಸರಕು ಇಳಿಸುವುದು, ಎಣಿಸಿ ಪರಿಶೀಲಿಸುವುದು, ರ‍್ಯಾಕ್‌ನಲ್ಲಿ ಜೋಡಿಸುವುದು, ಆರ್ಡರ್ ಬಂದಾಗ ಹುಡುಕಿ ತೆಗೆಯುವುದು, ಪ್ಯಾಕ್ ಮಾಡಿ ರವಾನಿಸುವುದು ಗೋದಾಮಿನ ಮುಖ್ಯ ಹಂತಗಳು. ಕೈಯಲ್ಲಿರುವ ಸ್ಕ್ಯಾನರ್ ಯಾವ ವಸ್ತು ಎಲ್ಲಿದೆ ಎಂಬುದನ್ನು ತೋರಿಸುತ್ತದೆ. ನೌಕರ ಗಂಟೆಗೆ ಎಷ್ಟು ವಸ್ತು ತೆಗೆದ ಎಂಬುದನ್ನೂ ದಾಖಲಿಸುತ್ತದೆ. ಪಾಳಿಯ ಬಹುಪಾಲು ನಿಂತು, ನಡೆದು ಕಳೆಯುವುದರಿಂದ ಸೊಂಟ ಮತ್ತು ಮಂಡಿ ನೋವು ಸಾಮಾನ್ಯ.

ಹೊಣೆ ಯಾರದು?

ಗೋದಾಮು ಒಂದು ಕಂಪನಿಯದಾದರೆ, ನೌಕರನ ಹೆಸರು ಅನೇಕ ವೇಳೆ ಗುತ್ತಿಗೆದಾರ ಸಂಸ್ಥೆಯ ಹಾಜರಿ ಪುಸ್ತಕದಲ್ಲಿರುತ್ತದೆ. ಸಂಬಳ ತಡವಾದಾಗ ಇಬ್ಬರೂ ಪರಸ್ಪರರತ್ತ ಬೆರಳು ತೋರಿಸುವುದುಂಟು. ಆದರೆ ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯಲ್ಲಿದ್ದ ನಿಯಮ, 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲೂ ಮುಂದುವರಿದಿದೆ. 50 ಅಥವಾ ಹೆಚ್ಚು ಗುತ್ತಿಗೆ ಕಾರ್ಮಿಕರಿರುವ ಕಡೆ ಗುತ್ತಿಗೆದಾರ ವೇತನ ಕೊಡದಿದ್ದರೆ ಮುಖ್ಯ ಉದ್ಯೋಗದಾತನೇ ಅದನ್ನು ಪಾವತಿಸಬೇಕು.

ತಿಂಗಳ ವೇತನವನ್ನು ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಕೊಡಬೇಕು. ಕೆಲಸ ಬಿಟ್ಟವರಿಗೆ ಅಥವಾ ಕೆಲಸದಿಂದ ತೆಗೆಯಲ್ಪಟ್ಟವರಿಗೆ 2 ಕೆಲಸದ ದಿನಗಳೊಳಗೆ ಬಾಕಿ ವೇತನ ಸಲ್ಲಬೇಕು. ಹೆಚ್ಚುವರಿ ಅವಧಿಯ ದುಡಿಮೆಗೆ ಸಾಮಾನ್ಯ ದರದ ಎರಡು ಪಟ್ಟಿಗೆ ಕಡಿಮೆಯಿಲ್ಲದ ಕೂಲಿ ನೀಡಬೇಕು.

ಅಪಘಾತವಾದರೆ

ಫೋರ್ಕ್‌ಲಿಫ್ಟ್ ಓಡಾಡುವ, ಎತ್ತರದಲ್ಲಿ ಸರಕು ಪೇರಿಸಿಡುವ ಜಾಗದಲ್ಲಿ ಅಪಘಾತದ ಭಯ ಇದ್ದೇ ಇದೆ. ನೌಕರರ ರಾಜ್ಯ ವಿಮೆ (ಇಎಸ್‌ಐ) ವ್ಯಾಪ್ತಿಯಲ್ಲಿರುವ ನೌಕರನಿಗೆ ಕೆಲಸದ ವೇಳೆ ಗಾಯವಾಗಿ ತಾತ್ಕಾಲಿಕವಾಗಿ ದುಡಿಯಲಾಗದಿದ್ದರೆ, ವೇತನದ ಶೇ 90ರಷ್ಟು ಪರಿಹಾರ ದೊರೆಯುತ್ತದೆ. ಕೆಲಸಕ್ಕೆ ಸೇರಿದ ಮೊದಲ ದಿನದಿಂದಲೇ ಈ ರಕ್ಷಣೆ ಇದೆ.

ಯಾವ ಹಕ್ಕನ್ನು ಕೇಳಬೇಕಾದರೂ ದಾಖಲೆ ಬೇಕು. ನೇಮಕಾತಿ ಪತ್ರ, ಸಂಬಳದ ಚೀಟಿ, ಇಎಸ್‌ಐ ಸಂಖ್ಯೆ ಹಾಗೂ ಭವಿಷ್ಯ ನಿಧಿಯ ಯುಎಎನ್ ಸಂಖ್ಯೆಯನ್ನು ನೌಕರ ಕೆಲಸಕ್ಕೆ ಸೇರಿದಾಗಲೇ ಕೇಳಿ ಪಡೆಯುವುದು ಒಳಿತು. ಗುತ್ತಿಗೆದಾರ ಬದಲಾದರೂ ಯುಎಎನ್ ಬದಲಾಗುವುದಿಲ್ಲ. ಹಣ ಜಮೆಯಾಗಿದೆಯೇ ಎಂಬುದನ್ನು ಮೊಬೈಲ್‌ನಲ್ಲೇ ನೋಡಿಕೊಳ್ಳಬಹುದು.